ಹತ್ತನೇ ಇಯತ್ತೆಗೆ ಡಿಗ್ರಿಯ ಕಲ್ಲುಗಳು

ಬಸ್ಸು ಅಮೀನಗಡ ಮುಟ್ಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದಿದ್ದರೆ ಏಳು ಮಕ್ಕಳಲ್ಲಿ ಒಬ್ಬರಿಗೆ ವಾಂತಿ ಆಗಬಹುದಿತ್ತು. ಒಬ್ಬರಿಗೆ ಆದರೆ ಉಳಿದವರಿಗೂ ಆಗುತ್ತದೆ, ಅದು ಬಸ್ಸಿನ ನಿಯಮ. ಹಾಲ್ ಟಿಕೆಟ್ಟು ಮನೆಯ ಟಿವಿ ಮೇಲೆ ಉಳಿಯಬಹುದಿತ್ತು. ಬಾಗಲಕೋಟೆ ಎಂದ ಕೂಡಲೇ ಯಾರಾದರೂ ಕಾಲೇಜು ಇರುವ ನವನಗರ ಬಿಟ್ಟು ಹಳೇ ಊರಿನಲ್ಲಿ ಇಳಿದುಬಿಡಬಹುದಿತ್ತು. ಕಾಲೇಜಿನ ಕಾವಲುಗಾರ, “ಸಾಲಿ ಹುಡುಗ್ರಿಗೆ ಇಲ್ಲೇನ್ ಕೆಲಸ?” ಎಂದು ಗೇಟಿನಲ್ಲೇ ತಡೆಯಬಹುದಿತ್ತು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಷ್ಟೇ ಬರಬಹುದಿತ್ತು. ಕನ್ನಡದಲ್ಲೂ ಬಂದರೆ ಇನ್ನೂ ಕಷ್ಟವಾಗಬಹುದಿತ್ತು. ಅನುವಾದ ಮಾಡಿದವರು ಯಾರೋ ಏನೋ. ಏಳೂ ಮಕ್ಕಳು ಫೇಲಾಗಿ, ಆ ಬೇಸರದಲ್ಲಿ ಹತ್ತನೇ ಇಯತ್ತೆಯ ಪರೀಕ್ಷೆಯನ್ನೂ ಕೆಡಿಸಿಕೊಳ್ಳಬಹುದಿತ್ತು. “ಶಿಕ್ಷಕನ ಪ್ರಯೋಗಕ್ಕೆ ಮಕ್ಕಳ ಭವಿಷ್ಯ ಬಲಿ” ಎಂದು ಪತ್ರಿಕೆಯಲ್ಲಿ ಬರಬಹುದಿತ್ತು. ಪಕ್ಕದಲ್ಲಿ ನನ್ನ ಫೋಟೋ, ಅದೂ ಆಧಾರ್ ಕಾರ್ಡಿನದು.

ಪರೀಕ್ಷೆಯ ಹಿಂದಿನ ವಾರ ಇದನ್ನೆಲ್ಲ ಹೆಂಡತಿ ಸುಮಂಗಲಾಳ ಮುಂದೆ ಒಂದೊಂದಾಗಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಭೂಕಂಪ ಬಿಟ್ಟೀರಿ. ಅದನ್ನೂ ಸೇರಿಸಿಕೊಳ್ರಿ” ಅಂದಳು.

ನಾನು ಹುನಗುಂದದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಐವತ್ತನಾಲ್ಕಕ್ಕೇ ಸ್ವಯಂ ನಿವೃತ್ತಿ ಪಡೆದೆ. ಕಾರಣ ಗಂಟಲು. ಇಳಕಲ್ಲಿನ ಡಾಕ್ಟರು, “ಮಾಸ್ತರ್ರ, ಮಾತು ಬಿಡ್ರಿ, ಇಲ್ಲಾ ಸಾಲಿ ಬಿಡ್ರಿ” ಅಂದರು. ಮಾತು ಬಿಡುವುದು ನನ್ನಿಂದ ಆಗದ ಕೆಲಸ, ಸಾಲಿ ಬಿಟ್ಟೆ. ಈಗ ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದು, “ಸರ್, ನಿಮ್ಮ ಅನುಭವ ಹೇಳ್ರಿ” ಅನ್ನುತ್ತಾರೆ. ಗಂಟಲು ಇರುವಷ್ಟು ಹೇಳುತ್ತೇನೆ, ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದರಿಂದ ನಿಮಗೆ ಉಪಯೋಗವಿಲ್ಲ. ಶಾಲುಗಳಿಂದ ನನಗೂ ಆಗಲಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದೆ. ಹೇಳಬೇಕಾದದ್ದು ಹತ್ತನೇ ಇಯತ್ತೆಯ ಮಕ್ಕಳಿಗೆ ಡಿಗ್ರಿ ಮೊದಲ ವರ್ಷದ ಪಾಠ ಹಚ್ಚಿದ ಕಥೆ. ನನ್ನ ನೌಕರಿಯಲ್ಲಿ ನಾನು ಮಾಡಿದ ಒಂದೇ ಧೈರ್ಯದ ಕೆಲಸ ಅದು. ಅದನ್ನೂ ಹೆದರುತ್ತಲೇ ಮಾಡಿದೆ.

ಮೊದಲು ನಾನು ಹೇಗೆ ಕಲಿಸುತ್ತಿದ್ದೆ ಎಂದು ಹೇಳಿಬಿಡುತ್ತೇನೆ. ಶಿಲೆಗಳ ಪಾಠ ಬಂದರೆ, “ಶಿಲೆಗಳಲ್ಲಿ ಮೂರು ವಿಧ, ಬರ್ಕೊಳ್ರಿ” ಅನ್ನುತ್ತಿದ್ದೆ. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹೊತ್ತ ಲಾರಿ ಗೋಡೆ ನಡುಗಿಸುತ್ತ ಹೋಗುತ್ತಿತ್ತು. “ಗದ್ಲ ಆಗ್ತದ, ಕಿಟಕಿ ಹಾಕ್ರಲೇ” ಅನ್ನುತ್ತಿದ್ದೆ. ಕಿಟಕಿ ಹಾಕಿಕೊಂಡು ಕಲ್ಲಿನ ಪಾಠ ಮಾಡಿದವನು ನಾನು.

ಪ್ರಯೋಗಾಲಯದಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇತ್ತು, ಅದರ ಖಾನೆಗಳಲ್ಲಿ ಕಲ್ಲುಗಳು, ಪ್ರತಿ ಖಾನೆಗೂ ಹೆಸರಿನ ಚೀಟಿ. ಒಮ್ಮೆ ತಾಲೂಕಿನ ವಿಜ್ಞಾನ ಮೇಳದಲ್ಲಿ ಆ ಪೆಟ್ಟಿಗೆ ಇಟ್ಟಿದ್ದೆವು. ತೀರ್ಪುಗಾರರಾಗಿ ಬಂದವರು ಬಾಗಲಕೋಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನದಾಫ ಮೇಡಂ. ಕುಳ್ಳಗೆ, ಚುರುಕು, ಕೈಚೀಲದಲ್ಲಿ ಸದಾ ಒಂದು ಸುತ್ತಿಗೆ. ಪೆಟ್ಟಿಗೆ ನೋಡಿ, “ಸರ್, ಇದನ್ನ ಯಾವಾಗರ ಕೆಳಗ ಕೆಡವೀರೇನು?” ಅಂದರು. ಯಾರೋ ಧೂಳು ಹೊಡೆಯುವಾಗ ಕಲ್ಲುಗಳನ್ನೆಲ್ಲ ಸುರುವಿ, ಕೈಗೆ ಬಂದಂತೆ ತಿರುಗಿ ತುಂಬಿದ್ದರು. ಗ್ರಾನೈಟಿನ ಖಾನೆಯಲ್ಲಿ ಮರಳುಗಲ್ಲು, ಮರಳುಗಲ್ಲಿನದರಲ್ಲಿ ಸುಣ್ಣಗಲ್ಲು. ನಾನು ಚೀಟಿ ನೋಡಿ ಕಲಿಸುತ್ತಿದ್ದೆ, ಕಲ್ಲು ನೋಡಿರಲಿಲ್ಲ. ಎಷ್ಟು ಬ್ಯಾಚು ಹಾಗೆ ಹೋದವೋ ಲೆಕ್ಕ ಹಾಕಲು ಹೋಗಲಿಲ್ಲ, ನಿದ್ದೆ ನನಗೆ ಮೊದಲೇ ಕಡಿಮೆ.

ನನ್ನ ಮುಖ ನೋಡಿ ಮೇಡಂಗೆ ಕನಿಕರ ಬಂತು. ಚಹಾ ಕುಡಿಯುವಾಗ ಅಂದರು: “ನಮ್ಮ ವಿಭಾಗದಾಗ ಕಲ್ಲು ಭಾಳ ಅದಾವ, ಹುಡುಗ್ರು ಇಲ್ಲ. ನಿಮ್ಮಲ್ಲಿ ಹುಡುಗ್ರು ಭಾಳ, ಕಲ್ಲು ಅದಲುಬದಲು. ಎರಡೂ ಕೂಡಸೂಣೇನ್ರಿ?”

ಅವರ ಕಾಲೇಜು ಸ್ವಾಯತ್ತ. ಹೈಸ್ಕೂಲ್ ಮಕ್ಕಳು ಮೊದಲ ಸೆಮಿಸ್ಟರಿನ ಒಂದು ವಿಷಯವನ್ನು ಸರ್ಟಿಫಿಕೇಟ್ ಕೋರ್ಸ್ ಎಂದು ಓದಬಹುದು, ಡಿಗ್ರಿಯವರ ಜೊತೆ ಕೂತು ಅದೇ ಪತ್ರಿಕೆ ಬರೆಯಬಹುದು. ಪಾಸಾಗಿ, ಮುಂದೆ ಅದೇ ಕಾಲೇಜಿಗೆ ಸೇರಿದರೆ ಆ ಪತ್ರಿಕೆ ಮತ್ತೆ ಬರೆಯಬೇಕಿಲ್ಲ. ಹೀಗೊಂದು ಏರ್ಪಾಡನ್ನು ಮೇಡಂ ತಮ್ಮ ಪ್ರಾಚಾರ್ಯರಿಂದ ಒಪ್ಪಿಸಿಕೊಂಡು ಬಂದರು. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಅವರೇ ಹುನಗುಂದಕ್ಕೆ ಬಂದು ಪಾಠ ಮಾಡುವುದು, ಒಂದು ಭಾನುವಾರ ಹೊರಗೆ ಕರೆದುಕೊಂಡು ಹೋಗುವುದು, ಡಿಸೆಂಬರಿನಲ್ಲಿ ಪರೀಕ್ಷೆ.

ನಮ್ಮ ಹೆಡ್‌ಮಾಸ್ತರು ಗೌಡರ ಸರ್. ಯಾವ ಹೊಸ ವಿಚಾರ ಹೇಳಿದರೂ ಮೊದಲು ಕನ್ನಡಕ ತೆಗೆಯುತ್ತಿದ್ದರು. ಕನ್ನಡಕ ಮೇಜಿನ ಮೇಲೆ ಬಂದರೆ ಇಲ್ಲ ಎಂದರ್ಥ, ಹಣೆಗೆ ಏರಿದರೆ ನೋಡೋಣ ಎಂದರ್ಥ. ಆ ದಿನ ಕನ್ನಡಕ ಬಹಳ ಹೊತ್ತು ಕೈಯಲ್ಲೇ ಇತ್ತು.

“ಹತ್ತನೇ ಇಯತ್ತೆ ಪಾಠನ ಮುಗಿಯವಲ್ದು, ಡಿಗ್ರಿ ಎಲ್ಲಿ ತಂದ್ರಿ?”

“ಬೇಕಂದವರಿಗಷ್ಟ ಸರ್. ಒತ್ತಾಯ ಇಲ್ಲ.”

“ರಿಸಲ್ಟ್ ಬಿತ್ತಂದ್ರ?”

“ನಾನೂ ಅದನ್ನ ವಿಚಾರ ಮಾಡಾಕತ್ತೇನಿ ಸರ್.”

“ನೀವು ವಿಚಾರ ಮಾಡೂದು ನನಗ ಗೊತ್ತದ. ನಿಮ್ಮ ವಿಚಾರಕ್ಕ ಅರ್ಧ ಸ್ಟಾಫಿಗೆ ಬಿಪಿ ಬಂದದ.” ಕನ್ನಡಕ ಹಣೆಗೆ ಏರಿತು. “ನಮ್ಮ ಪ್ರವೀಣನ್ನೂ ಹಾಕ್ರಿ ಹಂಗಾರ.”

ಪ್ರವೀಣ ಅವರ ತಂಗಿಯ ಮಗ, ಅವರ ಮನೆಯಲ್ಲೇ ಇದ್ದು ಓದುತ್ತಿದ್ದ. ತರಗತಿಗೆ ಮೊದಲಿಗ. ಅವನನ್ನು ನೋಡಿ ಐದು ಮಂದಿ ಬಂದರು. ಏಳನೆಯವಳು ಕಸ್ತೂರಿ, ಯಾರನ್ನೂ ನೋಡಿ ಬಂದವಳಲ್ಲ.

ಕಸ್ತೂರಿ ಹತ್ತಿರದ ಹಳ್ಳಿಯವಳು. ಬೀರಪ್ಪನ ಒಕ್ಕಲು, ಮನೆಯಲ್ಲಿ ಕುರಿ ಇದ್ದವು, ನಾಲ್ಕು ಎಕರೆ ಹೊಲ. ತರಗತಿಯಲ್ಲಿ ಅಷ್ಟಾಗಿ ಮಾತಾಡುತ್ತಿರಲಿಲ್ಲ, ಬರೆಯಲು ಕೊಟ್ಟರೆ ಮಾತ್ರ ನಿಲ್ಲುತ್ತಿರಲಿಲ್ಲ. ಆಕೆಗೆ ಪಿಯುಸಿಯಲ್ಲಿ ಸೈನ್ಸ್ ಬೇಕಿತ್ತು, ಬಾಗಲಕೋಟೆಯ ಹಾಸ್ಟೆಲಿನಲ್ಲಿ ಇದ್ದು ಓದಬೇಕಿತ್ತು. ತಂದೆ ಮಾಳಪ್ಪ ಒಪ್ಪಿರಲಿಲ್ಲ. ಪಾಲಕರ ಸಭೆಗೆ ಬಂದಾಗ ನಾನು ಮಾತು ತೆಗೆದೆ.

“ಸರ್ರ, ಇಕಿ ಅಣ್ಣ ಸಿದ್ದೂನೂ ನಿಮ್ಮ ಕೈಯಾಗ ಕಲ್ತಾಂವ,” ಅಂದ ಮಾಳಪ್ಪ. “ಮಾರ್ಕ್ಸ್ ಛಲೋ ಬಂದೂವು, ನಾ ಪೇಡೆ ತಂದೆ, ನೀವೂ ತಿಂದ್ರಿ. ಬಾಗಲಕೋಟಿಗೆ ಸೈನ್ಸಿಗೆ ಹಚ್ಚಿದೆ. ದೀಪಾವಳಿಗೆ ಬಂದಾಂವ ತಿರುಗಿ ಹೋಗಲಿಲ್ಲ. ಪಾಠ ತಲಿಗೆ ಹತ್ತವಲ್ದು ಅಂದ. ಪರೀಕ್ಷಾದಾಗ ಹೆಸರು ಬರದು ಖಾಲಿ ಹಾಳಿ ಕೊಟ್ಟು ಬಂದನಂತ.”

“ಈಗ ಹೆಂಗದಾನ್ರಿ?”

“ಟಂಟಂ ಗಾಡಿ ಹೊಡೀತಾನ. ಆರಾಮದಾನ. ಆದ್ರ ಆ ವರ್ಷ ಮನ್ಯಾಗ ಯಾರೂ ಆರಾಮ ಇರಲಿಲ್ರಿ. ಹುಡುಗ ಒಂದು ತಿಂಗಳ ಯಾರ ಮಾರಿ ನೋಡಲಿಲ್ಲ. ಇಕಿಗೂ ಹಂಗಾಗೂದು ಬ್ಯಾಡ. ಹುನಗುಂದದಾಗ ಆರ್ಟ್ಸ್ ಓದ್ಲಿ, ಮನಿಯಿಂದ ಹೋಗಿ ಬರ್ತಾಳ.”

ಗದರುವ ತಂದೆಯಾಗಿದ್ದರೆ ನನಗೆ ಸುಲಭವಿತ್ತು, ವಾದ ಮಾಡಬಹುದಿತ್ತು. ಈತ ಹೆದರಿದ ತಂದೆ. ಹೆದರಿಕೆ ನನ್ನದೇ ವಿಷಯ, ಅದರಲ್ಲಿ ನಾನೇ ಪಂಡಿತ. ಡಿಗ್ರಿ ಪಾಠದ ಸಂಗತಿ ಹೇಳಿದೆ. ಇಲ್ಲೇ ಮನೆಯಲ್ಲಿದ್ದುಕೊಂಡೇ ಕಾಲೇಜಿನ ಪಾಠ ಹೇಗಿರುತ್ತದೆ ಎಂದು ನೋಡಲಿ, ಹತ್ತದಿದ್ದರೆ ಹೋದದ್ದೇನಿಲ್ಲ, ನಾಲ್ಕು ಶನಿವಾರ ಅಂದೆ.

ಮಾಳಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. “ಆಕಿ ಕಾಲೇಜಿನ ಪಾಠ ತಡಕೊಂತಾಳ ಅನ್ನೂದು ನನ್ನ ಕಣ್ಣಿಗೆ ಕಾಣ್ಲಿ. ಪರೀಕ್ಷಾಕ ನಾನೂ ಬರ್ತೇನಿ. ಆಮ್ಯಾಲ ಹಾಸ್ಟೆಲಿನ ಮಾತು.”

“ನಾನೂ ಹೇಳ್ತೇನ್ರಿ ಆಕಿ ಹೆಂಗ ಓದಾಕತ್ತಾಳ ಅಂತ.”

“ನೀವು ಎಲ್ಲಾರಿಗೂ ಛಲೋ ಅಂತೀರಿ, ಸರ್ರ. ಸಿದ್ದೂಗೂ ಅಂದಿದ್ರಿ.”

ಅಲ್ಲಿಂದ ಮುಂದೆ ಆ ಕೋರ್ಸು ನನಗೆ ಕೋರ್ಸಾಗಿ ಉಳಿಯಲಿಲ್ಲ. ಕಸ್ತೂರಿ ಬಾಗಲಕೋಟೆಗೆ ಹೋಗುವುದೋ ಬಿಡುವುದೋ ಡಿಸೆಂಬರಿನ ಒಂದು ಪರೀಕ್ಷೆಯ ಮೇಲೆ ನಿಂತಿತು, ನಾನು ಬಿಪಿ ಗುಳಿಗೆಯ ಮೇಲೆ.

ಮೊದಲ ಎರಡು ಶನಿವಾರ ಮಕ್ಕಳು ಪೆನ್ನು ಹಿಡಿದು ಕಾದರು. ಮೇಡಂ ನೋಟ್ಸ್ ಕೊಡಲಿಲ್ಲ. ಇಪ್ಪತ್ತು ಪುಟದ ಒಂದು ಅಧ್ಯಾಯ ಕೊಟ್ಟು, ಓದಿಕೊಂಡು ಬಂದು ತಿಳಿಯದ್ದನ್ನು ಕೇಳಿ ಅಂದರು. ಅಧ್ಯಾಯದ ಕೊನೆಗೆ ಪ್ರಶ್ನೋತ್ತರ ಇರಲಿಲ್ಲ. ಪ್ರವೀಣ ಪುಟ ತಿರುವಿ ತಿರುವಿ ಹುಡುಕಿದ. “ಮೇಡಂ, ಇದರಾಗ ಯಾವುದು ಇಂಪಾರ್ಟೆಂಟ್ರಿ?” ಎಂದು ಕೇಳಿದ. “ನೀ ಓದಿ ನನಗ ಹೇಳಪಾ, ಯಾವುದು ಇಂಪಾರ್ಟೆಂಟ್ ಅಂತ,” ಅಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇಷ್ಟು ವರ್ಷ ಮಕ್ಕಳ ಪರವಾಗಿ ಪುಸ್ತಕ ಓದಿ, ಜಗಿದು, ನುಂಗುವಷ್ಟು ಮೆತ್ತಗೆ ಮಾಡಿ ಬಾಯಿಗೆ ಇಡುತ್ತಿದ್ದವನು ನಾನು. ಸಿದ್ದೂ ಬಾಗಲಕೋಟೆಗೆ ಹೋದಾಗ ಹಲ್ಲೇ ಬಂದಿರಲಿಲ್ಲ ಅನ್ನುವುದು ಅಂದು ಹೊಳೆಯಿತು.

ಮೂರನೆಯ ಶನಿವಾರ ಕಸ್ತೂರಿ ಕೈ ಎತ್ತಿದಳು. “ಮೇಡಂ, ಹನ್ನೊಂದನೇ ಪುಟದಾಗ ಒಂದು ಹೇಳ್ಯಾರ, ಹದಿನಾರರಾಗ ಇನ್ನೊಂದು ಹೇಳ್ಯಾರ. ಎರಡೂ ಕೂಡಿ ಬರಂಗಿಲ್ಲ.” ಮೇಡಂ ಎರಡೂ ಪುಟ ಓದಿ, “ಖರೆ, ಇದು ನನಗೂ ನೋಡಿ ಹೇಳಬೇಕಾಗ್ತದ,” ಅಂದರು. ತಮಗೆ ತಿಳಿಯದು ಎಂದು ಮಾಸ್ತರು ಬಾಯಿಬಿಟ್ಟು ಹೇಳಿದ್ದನ್ನು ಆ ಮಕ್ಕಳು ಅಂದೇ ಮೊದಲು ಕೇಳಿದ್ದು. ಹೊಸಬರೇ, ನಿಮಗೂ ಹೇಳುತ್ತೇನೆ, ಒಮ್ಮೆ ಹೇಳಿ ನೋಡಿ. ಆಕಾಶ ಬೀಳುವುದಿಲ್ಲ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಮೇಲೆ ನೋಡುತ್ತಲೇ.

ಇಳಕಲ್ಲಿನ ಭಾನುವಾರ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಹೋಗಿದ್ದೆವು. ಅಲ್ಲಿ ಮೇಡಂ ತೆಳು ಆ್ಯಸಿಡ್ಡಿನ ಪರೀಕ್ಷೆ ತೋರಿಸಿದರು. ಸುಣ್ಣಗಲ್ಲಿನ ಮೇಲೆ ಒಂದು ಹನಿ ಬಿಟ್ಟರೆ ಬುಸುಬುಸು ನೊರೆ ಏಳುತ್ತದೆ, ಗ್ರಾನೈಟಿನ ಮೇಲೆ ಏನೂ ಆಗುವುದಿಲ್ಲ. ಮಕ್ಕಳಿಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಪ್ರಯೋಗಾಲಯದ ಹನಿ ಬಾಟಲಿ ಸೋಮವಾರ ಇರಲಿಲ್ಲ, ಬುಧವಾರ ತಿರುಗಿ ಬಂದಿತ್ತು. ನಡುವಿನ ಎರಡು ದಿನದಲ್ಲಿ ಹುನಗುಂದದ ಹಲವು ಮನೆಗಳ ನೆಲ ಯಾವ ಕಲ್ಲಿನದೆಂದು ವೈಜ್ಞಾನಿಕವಾಗಿ ಸಿದ್ಧವಾಗಿತ್ತು. ನಮ್ಮ ಕಡೆಯ ಹಳೆಯ ಮನೆಗಳ ನೆಲಕ್ಕೆ ಹಾಸಿದ್ದು ಹೆಚ್ಚಾಗಿ ಸುಣ್ಣಗಲ್ಲಿನ ಫರಸಿ. ಅಜ್ಜಿಯರು ಉಜ್ಜಿ ಉಜ್ಜಿ ಮಿಂಚಿಸಿದ ನೆಲದ ಮೇಲೆ ಬಿಳಿ ಬಿಳಿ ಚುಕ್ಕೆ.

“ನಮ್ಮ ಅಡಿಗಿ ಮನಿಗೆ ಸಿಡುಬು ಬಂದಂಗಾಗೇದ್ರಿ, ಮಾಸ್ತರ್ರ,” ಎಂದು ಒಬ್ಬ ಅಜ್ಜಿ ಶಾಲೆಗೇ ಬಂದರು.

ಅದಕ್ಕಿಂತ ಕೆಟ್ಟದ್ದು ಗೌಡರ ಸರ್ ಮನೆಯಲ್ಲಿ ಆಯಿತು. ಅವರು ಹೊಸದಾಗಿ ದೇವರ ಕೋಣೆಗೆ ಕರಿ ಗ್ರಾನೈಟ್ ಹಾಕಿಸಿದ್ದರು. ಬಂದವರಿಗೆಲ್ಲ ತೋರಿಸಿ ಬೆಲೆ ಹೇಳುತ್ತಿದ್ದರು. ಪ್ರವೀಣ ಒಂದು ಹನಿ ಬಿಟ್ಟ. ಬುಸುಬುಸು ನೊರೆ ಎದ್ದಿತು. ಮರುದಿನ ಹೆಡ್‌ಮಾಸ್ತರರ ಕೋಣೆಗೆ ಕರೆ ಬಂತು. ಕನ್ನಡಕ ಆಗಲೇ ಮೇಜಿನ ಮೇಲಿತ್ತು.

“ನೀವು ಕಾಲೇಜಿನ ಪಾಠ ಕಲಸ್ರಿ. ನಮ್ಮ ಮನ್ಯಾಗ ಜಗಳ ಹಚ್ಚಬ್ಯಾಡ್ರಿ.”

“ತಪ್ಪಾತ್ರಿ ಸರ್.”

“ಅದು ಗ್ರಾನೈಟ್ ಅಲ್ಲೇನ್ ಹಂಗಾರ?”

“ನೊರಿ ಬಂದಿದ್ರ ಅಲ್ರಿ.”

ಕನ್ನಡಕ ಒರೆಸಿಕೊಂಡರು. “ಆ ಬಾಟ್ಲಿ ಒಂದು ದಿನದ ಮಟ್ಟಿಗೆ ಕೊಡ್ರಿ ಇಲ್ಲಿ. ಅಂಗಡಿಯಾಂವನ ಕಡೆ ಹೋಗಿ ಬರ್ತೇನಿ.”

ಆಮೇಲೆ ಬಾಟಲಿ ನನ್ನ ಕಪಾಟಿನಲ್ಲಿ, ಕೀಲಿ ನನ್ನ ಜೇಬಿನಲ್ಲಿ. ಆ್ಯಸಿಡ್ ಕಲಿಸುವವರಿಗೆ ಇಷ್ಟು ಹೇಳುತ್ತೇನೆ: ಅದು ಏನನ್ನು ಸುಡುತ್ತದೆ ಎಂದು ಕಲಿಸುವ ಮೊದಲು ಯಾರ ಮನೆಯದನ್ನು ಸುಡಬಾರದು ಎಂದು ಕಲಿಸಿ.

ಕಲಾದಗಿಗೆ ಹೋದ ಭಾನುವಾರ ಮೇಡಂ ಒಂದು ಸಂಗತಿ ಹೇಳಿದರು. ನಮ್ಮ ಜಿಲ್ಲೆಯ ಬಹುಪಾಲು ಹಳೆಯ ಪದರುಗಲ್ಲುಗಳಿಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಕಲಾದಗಿಯ ಹೆಸರೇ ಇದೆ, ಎಲ್ಲೆಲ್ಲಿಯ ದೇಶದವರೋ ಆ ಹೆಸರು ಬರೆಯುತ್ತಾರೆ. ತೋಟದ ಬದುವಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ರೈತನೊಬ್ಬ, “ನಮ್ಮೂರ ಹೆಸರು ಇಟ್ಟಾರಂದ್ರ ನಮಗೇನರ ಬರ್ತದೇನ್ರಿ?” ಅಂದ. ಏನೂ ಇಲ್ಲ ಅಂದೆವು. “ಹಂಗಾರ ಚಿಕ್ಕು ತಿನ್ರಿ,” ಎಂದು ಒಂದು ಬುಟ್ಟಿ ಮುಂದಿಟ್ಟ. ಮಕ್ಕಳು ತಿನ್ನುತ್ತ, ತಮ್ಮ ಜಿಲ್ಲೆಯ ಊರು ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚಾದದ್ದನ್ನು ಬೆರಳಿಟ್ಟು ನೋಡಿದರು. ಕಾಲೇಜಿನ ಪುಸ್ತಕ ಎಂಬ ಅಂಜಿಕೆ ಚಿಕ್ಕಿನ ಅಂಟಿನ ಕೈಯಲ್ಲಿ ಅಂದು ಅರ್ಧ ಹೋಯಿತು, ಪುಸ್ತಕವೂ ಅಷ್ಟೇ.

ಬಾದಾಮಿಯಲ್ಲಿ ನನ್ನ ಚಿಂತೆಯೆಲ್ಲ ಮಂಗಗಳದ್ದು. ರೊಟ್ಟಿಯ ಗಂಟನ್ನು ಎದೆಗೆ ಅವಚಿಕೊಂಡು ನಡೆದೆ. ಮಂಗ ಬಂತು, ರೊಟ್ಟಿ ಬಿಟ್ಟು ಮೇಡಂ ಕಾಗದದಲ್ಲಿ ಸುತ್ತಿಟ್ಟಿದ್ದ ಕಲ್ಲಿನ ಮಾದರಿ ಕಸಿದುಕೊಂಡಿತು, ಉಂಡಿ ಅಂದುಕೊಂಡಿರಬೇಕು. ಬಂಡೆ ಏರಿ ಕೂತು, ಬಿಚ್ಚಿ, ಕಚ್ಚಿ ನೋಡಿ ನಮ್ಮ ಕಡೆಗೇ ಎಸೆಯಿತು. “ನೋಡ್ರಿ,” ಅಂದರು ಮೇಡಂ, “ಕಣ ನುಣ್ಣಗದಾವೋ ಒರಟು ಅದಾವೋ ಗೊತ್ತಾಗಲಿಲ್ಲಂದ್ರ ಹಲ್ಲಿಗೆ ಹಚ್ಚಿ ನೋಡಬೇಕು ಅಂತ ಹೋದ ವಾರ ಹೇಳಿದ್ನಲ್ಲ. ನಿಮಗಿಂತ ಮೊದಲ ಅದು ಪ್ರಾಕ್ಟಿಕಲ್ ಮುಗಿಸ್ತು.”

ಅಲ್ಲೇ ಒಂದು ಹಾಸುಬಂಡೆಯ ಮೇಲೆ ಅಲೆಯಂಥ ಗೆರೆಗಳಿದ್ದವು. ಆರು ಮಂದಿ ಫೋಟೋ ತೆಗೆದುಕೊಂಡು ಮುಂದೆ ಹೋದರು. ಕಸ್ತೂರಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. “ಮೇಡಂ, ನೀರು ಯಾವ ಕಡಿಂದ ಬಂದಿತ್ತು?” ಮೇಡಂ ಪಕ್ಕದಲ್ಲಿ ಕೂತರು. ಗೆರೆಯ ಯಾವ ಮಗ್ಗುಲು ಕಡಿದಾಗಿದೆ, ಯಾವುದು ಇಳಿಜಾರಾಗಿದೆ ಎಂದು ಇಬ್ಬರೂ ಬೆರಳಾಡಿಸುತ್ತ ಮಾತಾಡಿದರು. ಬಹಳ ಹೊತ್ತು. ತಿರುಗಿ ಹೋಗುವ ಬಸ್ಸು ತಪ್ಪುತ್ತದೆ ಎಂದು ನಾನು ಗಡಿಯಾರ ನೋಡುತ್ತ ಸುತ್ತ ತಿರುಗಿದೆ. ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ನಿಂತೇ ಬಂದೆವು, ಮೇಡಂ ನನ್ನ ಕಿವಿಯ ಹತ್ತಿರ, “ಸರ್, ಆ ಪ್ರಶ್ನಿ ಡಿಗ್ರಿಯವರು ಕೇಳಂಗಿಲ್ಲ,” ಅಂದರು. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಹಿಂದೆಯೇ, ಇಂಥವಳು ಪರೀಕ್ಷೆಯಲ್ಲಿ ಎಡವಿದರೆ ಎಂಬ ಯೋಚನೆ ಬಂದು ಆ ಖುಷಿಯ ಸೀಟಿನಲ್ಲಿ ಕೂತಿತು.

ನವೆಂಬರಿನಲ್ಲಿ ಪ್ರವೀಣ ಬಂದ. “ಸರ್, ಒಂದು ಮಾತು, ಮಾಮಾಗ ಹೇಳಬ್ಯಾಡ್ರಿ. ನನಗ ಇದು ಸೇರವಲ್ದು. ಪಾಸ್ ಆಗ್ತೇನಿ, ಅದಲ್ಲ. ಕಲ್ಲೂ ಸೇರವಲ್ದು, ಸೈನ್ಸೂ ಸೇರವಲ್ದು. ಲೆಕ್ಕಪತ್ರದ್ದು ಓದಬೇಕಂತದ ಮನಸು.” ಮಾರ್ಕ್ಸ್ ಚೆನ್ನಾಗಿ ಬರುತ್ತವೆ ಎಂಬ ಒಂದೇ ಕಾರಣಕ್ಕೆ ಅವನನ್ನು ಎಲ್ಲರೂ ಸೈನ್ಸಿಗೆ ದೂಡುತ್ತಿದ್ದರು, ನಾನೂ ಒಂದು ಕೈ ಹಚ್ಚಿದ್ದೆ. ಅವನು ಪರೀಕ್ಷೆ ಬರೆದ, ಪಾಸಾದ, ಮುಂದೆ ಕಾಮರ್ಸ್ ಸೇರಿದ. ಗೌಡರ ಸರ್ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೂ ಆ ಕೋರ್ಸಿನಿಂದ ಎಲ್ಲರಿಗಿಂತ ಹೆಚ್ಚು ಲಾಭ ಪಡೆದವನು ಅವನೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಬೇಡದ್ದು ಬೇಡ ಎಂದು ಮೂರು ವರ್ಷ ಕಳೆದ ಮೇಲೆ ತಿಳಿಯುವ ಬದಲು ಆರು ತಿಂಗಳಲ್ಲಿ ತಿಳಿಯಿತು.

ಹಾಗೆಂದು ಎಲ್ಲ ಮಕ್ಕಳಿಗೂ ಇದನ್ನು ಹಚ್ಚಬೇಡಿ. ಸುದ್ದಿ ಹಬ್ಬಿದ ಮೇಲೆ ಇಳಕಲ್ಲಿನಿಂದ ಒಬ್ಬರು ಮಗನ ಕೈ ಹಿಡಿದುಕೊಂಡು ಬಂದಿದ್ದರು: “ಇಂವಗೂ ಡಿಗ್ರಿ ಹಾಕ್ರಿ ಸರ್.” ಹುಡುಗ ಆರನೇ ಇಯತ್ತೆ. ಮೂಗು ಒರೆಸಿಕೊಳ್ಳಲು ಕರವಸ್ತ್ರ ಎಲ್ಲಿದೆ ಎಂದು ತಂದೆಯನ್ನು ಕೇಳುತ್ತಿದ್ದ. ಕೇಳಿಕೊಂಡು ಬಂದ ಮಕ್ಕಳಿಗೆ ಇದು ಬಾಗಿಲು, ತಳ್ಳಿಸಿಕೊಂಡು ಬಂದವರಿಗೆ ಇನ್ನೊಂದು ಗೋಡೆ.

ಪರೀಕ್ಷೆಯ ದಿನ ಬಂತು. ಬಸ್ಸು ಕೆಡಲಿಲ್ಲ. ಯಾರಿಗೂ ವಾಂತಿ ಆಗಲಿಲ್ಲ. ಹಾಲ್ ಟಿಕೆಟ್ಟು ಏಳೂ ನನ್ನ ಹತ್ತಿರವೇ ಇದ್ದವು, ಅವುಗಳ ಜೆರಾಕ್ಸ್ ಇನ್ನೊಂದು ಜೇಬಿನಲ್ಲಿ. ಕಾವಲುಗಾರ ನನಗೆ ನಮಸ್ಕಾರ ಹೊಡೆದ. ಪತ್ರಿಕೆ ಎರಡೂ ಭಾಷೆಯಲ್ಲಿತ್ತು, ಕನ್ನಡ ಕನ್ನಡದಂತೆಯೇ ಇತ್ತು. ಮಕ್ಕಳನ್ನು ಡಿಗ್ರಿಯವರ ನಡುನಡುವೆ ಕೂರಿಸಿದರು. ಹಾಲ್ ನೆಲಮಹಡಿಯಲ್ಲಿ, ಕಿಟಕಿಗಳು ತೆರೆದಿದ್ದವು. ನಾನು ಮತ್ತು ಮಾಳಪ್ಪ ಹೊರಗೆ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ. ಆತ ಕಂಬಳಿ ಹಾಸಿಕೊಂಡು, ಮಗಳ ಬೆನ್ನು ಕಾಣುವ ಜಾಗ ಹುಡುಕಿ ಕೂತ.

ಎರಡು ತಾಸು ಆ ಬೆನ್ನು ಬಾಗಿಯೇ ಇತ್ತು. ಆಮೇಲೆ ನೆಟ್ಟಗಾಯಿತು.

“ಸರ್ರ, ಇಕಿ ಕೈ ಕಟ್ಟಿ ಕುಂತಾಳಲ್ರಿ.”

“ವಿಚಾರ ಮಾಡಾಕತ್ತಾಳ್ರಿ.”

ಉಳಿದವರೆಲ್ಲ ಬರೆಯುತ್ತಿದ್ದರು. ಪ್ರವೀಣ ಬರೆಯುತ್ತಿದ್ದ. ಕಸ್ತೂರಿ ಪೆನ್ನಿನ ಮುಚ್ಚಳ ಹಾಕಿ, ಗೋಡೆಯ ಗಡಿಯಾರ ನೋಡುತ್ತಿದ್ದಳು.

“ವಿಚಾರ ಭಾಳ ಹೊತ್ತಾತಲ್ರಿ,” ಅಂದ ಮಾಳಪ್ಪ. ಆಮೇಲೆ ದನಿ ತಗ್ಗಿಸಿ, “ಸಿದ್ದೂನೂ ಹಿಂಗ ಕುಂತಿದ್ನಂತ.”

ಒಳಗೆ ಹೋಗುವ ಹಾಗಿಲ್ಲ, ಕಿಟಕಿಯಲ್ಲಿ ಸನ್ನೆ ಮಾಡಿದರೆ ನಕಲು ಎನ್ನುತ್ತಾರೆ. ಮುಕ್ಕಾಲು ತಾಸು ಇಬ್ಬರೂ ಆ ನೆಟ್ಟಗಿನ ಬೆನ್ನನ್ನು ನೋಡುತ್ತ ಕೂತೆವು. ಮಾಳಪ್ಪ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ.

ಫಲಿತಾಂಶ ಬಂದದ್ದು ಮುಂದಿನ ತಿಂಗಳು. ಕಸ್ತೂರಿ ಪಾಸಾದಳು, ಒಂದು ದೊಡ್ಡ ಪ್ರಶ್ನೆ ಪೂರ್ತಿ ಬಿಟ್ಟೂ ಚೆನ್ನಾಗಿಯೇ ಪಾಸಾದಳು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಆಕೆಯ ತೀರ್ಮಾನ ಆದದ್ದು ಫಲಿತಾಂಶದಿಂದಲ್ಲ, ಗಂಟೆ ಹೊಡೆದ ಮೇಲೆ ಕಾಲೇಜಿನ ಮೆಟ್ಟಿಲ ಮೇಲೆ.

“ಯಾಕವಾ, ಸುಮ್ಮ ಕುಂತಿದ್ದಿ?” ಎಂದು ತಂದೆ ಕೇಳಿದ. ಬೈಯುವ ದನಿಯಲ್ಲ.

“ಹಾಳಿ ಮುಗದೂವು ಅಪ್ಪಾ.”

“ಏನು?”

“ಬರಿಯೂ ಹಾಳಿ. ಉತ್ತರದ ಪುಸ್ತಕ ತುಂಬಿತು. ಕಡೀ ಪ್ರಶ್ನಿ ಬರ್ತಿತ್ತು. ಬಾದಾಮಿ ಬಂಡಿ ಮ್ಯಾಲಿನ ಗೆರಿದ್ದು. ಬರಿಯಾಕ ಜಾಗ ಉಳೀಲಿಲ್ಲ.”

ಪ್ರವೀಣ ನಕ್ಕ. “ಎದ್ದು ನಿಂತು ಕೇಳಿದ್ರ ಇನ್ನೊಂದು ಕೊಡ್ತಾರ, ಹುಚ್ಚಿ. ಅಲ್ಲಿ ಆ ಅಕ್ಕ ಕೇಳಿದ್ಲಲ್ಲ.”

“ಆಕಿ ಕಾಲೇಜಿನಾಕಿ,” ಅಂದಳು ಕಸ್ತೂರಿ. “ಸಾಲಿಯವರಿಗೆ ಕೊಡ್ತಾರ ಅಂತ ನನಗ ಯಾರ್ ಹೇಳ್ಯಾರ?”

ಎಲ್ಲರೂ ನನ್ನ ಕಡೆ ನೋಡಿದರು.

ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ಪ್ರಶ್ನೆಯ ಕೆಳಗೇ ಗೆರೆ ಎಳೆದ ಜಾಗ ಇರುತ್ತಿತ್ತು. ಅಷ್ಟರಲ್ಲೇ ಬರೆಯಬೇಕು, ಗೆರೆ ದಾಟಿದರೆ ನಾನೇ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಹೆಚ್ಚಿನ ಹಾಳೆ ಎಂಬುದೊಂದು ಇದೆ, ಅದನ್ನು ಕೇಳಿ ಪಡೆಯಬಹುದು, ಇದನ್ನು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

“ಕೇಳಿದ್ರ ಕೊಡ್ತಾರೇನ್ರಿ?” ಅಂದ ಮಾಳಪ್ಪ.

“ಕೊಡ್ತಾರ್ರಿ.”

“ಎಷ್ಟ ಕೇಳಿದ್ರೂ?”

“ಎಷ್ಟ ಕೇಳಿದ್ರೂ.”

“ಬಸ್ಸಿನಾಗ ಕುಂತಾಗಿಂದ ಏನೇನೋ ಹೇಳಿಕೊಂತ ಬಂದ್ರಿ. ಇದೊಂದ ಹೇಳಲಿಲ್ಲ ನೋಡ್ರಿ.” ನಕ್ಕನೋ ನಿಟ್ಟುಸಿರು ಬಿಟ್ಟನೋ ತಿಳಿಯಲಿಲ್ಲ. ಕಾಲೇಜಿನ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿದ. “ಹುಡುಗಗ ಹಾಳಿ ಇತ್ತು, ಬರಿಯಾಕ ಇರಲಿಲ್ಲ. ಇಕಿಗೆ ಬರಿಯಾಕಿತ್ತು, ಹಾಳಿ ಇರಲಿಲ್ಲ.” ಆಮೇಲೆ ಮಗಳಿಗೆ, “ಮುಂದಿನ ವರ್ಷ ಬಾಗಲಕೋಟಿಗೆ ಬಂದ ಮ್ಯಾಲ ಬಾಯಿ ಬಿಟ್ಟು ಕೇಳು. ಸುಮ್ಮ ಕುಂಡ್ರಬ್ಯಾಡ” ಅಂದ.

ಕಸ್ತೂರಿ ಹೂಂ ಅಂದಳು. ಬಸ್ ನಿಲ್ದಾಣದ ಕಡೆ ನಡೆಯುವಾಗ ಬೇಕಂತಲೇ ಒಂದು ಹೆಜ್ಜೆ ಹಿಂದೆ ಬಿದ್ದು, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

“ಸರ್, ಕೇಳಿದ್ರ ಪೆನ್ನೂ ಕೊಡ್ತಾರೇನ್ರಿ?”